ಮರದ ಹರಿವಾಣ

ಮರವನ್ನು ತೋಡಿ ಪಾತ್ರೆ ಮಾಡುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿಯನ್ನು ತುಂಬಿಡುತ್ತಿದ್ದ ಮರಿಗೆಗಳನ್ನು ಕಂಡ ವಾಚಕರು ಇಂದಿಗೂ ಇರಬಹುದು. ಅವುಗಳನ್ನು ಬಾಚಿಯಿಂದಲೂ ಉಳಿಯಿಂದಲೂ ದಿನಗಟ್ಟಲೆ ಕೆತ್ತುತ್ತಿದ್ದರು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣವೇರಿಸಿ, ದುಂಡನೆಯ ಬಟ್ಟಲುಗಳನ್ನು ಮಾಡುವರು. ಆದರೆ ಚೌಕವಾದ ಅಥವಾ ವೀಳೆಯದೆಲೆಯಾಕಾರದ ಹರಿವಾಣವು ಬೇಕಾದಲ್ಲಿ ಲೇತು ಒದಗದು. ಅದಕ್ಕೆ ರೌಟರ್ ಎಂಬ ವಿದ್ಯುತ್ ಕೈಯಂತ್ರವೇ ಆಗಬೇಕು. ವಿದ್ಯುತ್ತು ಬರುವುದಕ್ಕೆ ಮುಂಚೆ ಇದೇ ಕೆಲಸಕ್ಕಾಗಿ ಇಂಗ್ಲೆಂಡಿನ ಬಡಗಿಗಳು ಬಳಸುತ್ತಿದ್ದ ಒಂಟಿ ಅಲಗಿನ ಉಪಕರಣಕ್ಕೆ ‘ಮುದುಕಿಯ ಹಲ್ಲು’ ಎಂದು ಹೆಸರಿತ್ತಂತೆ. ಅದನ್ನು ನೋಡಿದವರಿಗೆ ಹೆಸರು ತಕ್ಕದ್ದೆಂದು ತೋರದಿರದು.

ನಮ್ಮ ತಂದೆಯವರ ಕಾಲದ ಮನೆಯನ್ನು ಮಾರಬೇಕಾಗಿ ಬಂದಾಗ ಹಿತ್ತಲಿನ ಹಲಸಿನ ಮರವೂ ಅದರೊಡನೆ ಪರರ ಪಾಲಾಯಿತು. ಅದಕ್ಕೆ ಮುಂಚೆ ಒಂದು ಮಳೆಗಾಲದಲ್ಲಿ ಮುರಿದುಬಿದ್ದಿದ್ದ ಹೆಗ್ಗೊಂಬೆಯಿಂದ ಕೊಯ್ಯಿಸಿ ಅಟ್ಟದ ಮೇಲೆ ಒಣಗಲಿಟ್ಟಿದ್ದ ಮೂರು ಹಲಗೆಗಳು ಮಾತ್ರ ನಮಗೆ ಉಳಿದುವು. ಒಡಹುಟ್ಟಿದವರು ನಾವು ಮೂವರು. ಒಬ್ಬೊಬ್ಬರಿಗೆ ಒಂದೊಂದು ಹರಿವಾಣವಾಗಲೆಂದು ಅಕ್ಕನವರ ಅಪ್ಪಣೆಯಾಯಿತು. “ತಮ್ಮಾ, ಇದು ಕೆಟ್ಟರೆ ಇನ್ನೊಂದು ತರೋಣವೆಂದರೆ ಆ ಮರ ಇನ್ನು ನಮ್ಮದಲ್ಲ, ನೋಡು” ಎಂದರು. ಆದಕಾರಣ ಆ ಹಲಗೆಗಳನ್ನು ಮುಟ್ಟುವುದಕ್ಕೆ ಮುಂಚೆ ಬಿಟ್ಟಿನ ವಿಷಯವನ್ನು ಚೆನ್ನಾಗಿ ವಿಚಾರಿಸಿ, ಸಿಲ್ವರ್ ಓಕಿನ ಚೂರುಗಳ ಮೇಲೆ ಎರಡು ವಾರ ಕೈ ಪಳಗಿಸಿಕೊಂಡೆವು.

ಅಂಗಡಿಯಲ್ಲಿ ಮೊದಲು ತೋರಿಸುವುದು ನೇರ ಬಿಟ್ಟನ್ನು. ಅದು ತಳವನ್ನು ಸಮವಾಗಿ ತೋಡುವುದೇನೋ ನಿಜ. ಆದರೆ ತಳವೂ ಗೋಡೆಯೂ ಸೇರುವೆಡೆಯಲ್ಲಿ ಚೂಪಾದ ಮೂಲೆಯನ್ನು ಬಿಡುವುದು. ಅಲ್ಲಿ ಸೇರಿದ ಎಣ್ಣೆಯ ಜಿಡ್ಡಾಗಲಿ ತಿಂಡಿಯ ಪುಡಿಯಾಗಲಿ ಬಟ್ಟೆಗೆ ಸಿಕ್ಕದು. ದುಂಡುಮೂಗಿನ ಬಿಟ್ಟು ಗೋಡೆಯನ್ನು ಅಂದವಾಗಿ ಬಳಸಿದರೂ ತಳವನ್ನೆಲ್ಲ ಉತ್ತ ಹೊಲದಂತೆ ಸಾಲುಸಾಲಾಗಿ ಬಿಡುವುದು. ಇವೆರಡರ ಗುಣವೂ ಸೇರಿದ್ದು ‘ಬೌಲ್ ಅಂಡ್ ಟ್ರೇ’ ಬಿಟ್ಟು. ಅದರ ತಳ ಚಪ್ಪಟೆ, ಅಂಚು ಮಾತ್ರ ದುಂಡು; ಮೇಲೆ ದಂಡಿನ ಸುತ್ತ ಒಂದು ಸಣ್ಣ ಬೇರಿಂಗ್. ಈ ಬೇರಿಂಗು ಮಾದರಿ ಹಲಗೆಯ ಅಂಚನ್ನು ಸವರುತ್ತ ಹೋದಂತೆ ಅಲಗು ಅದೇ ಆಕಾರವನ್ನು ಕೆಳಗಿನ ಮರದಲ್ಲಿ ಕೊರೆಯುವುದು.

ಅಳತೆಯನ್ನು ಆರಿಸುವಲ್ಲಿ ಸ್ವಲ್ಪ ಲೆಕ್ಕ ಬೇಕು. 3/4 ಅಂಗುಲ ಅಗಲದ ಬಿಟ್ಟಿಗೆ ಎರಡು ಕಡೆಯೂ 1/4 ಅಂಗುಲದ ದುಂಡು ಇದ್ದರೆ ನಡುವೆ ಚಪ್ಪಟೆಯಾಗಿ ಉಳಿಯುವುದು ಕಾಲು ಅಂಗುಲ ಮಾತ್ರ. 1 1/4 ಅಂಗುಲದ ಬಿಟ್ಟಿಗಾದರೋ ಮುಕ್ಕಾಲು ಅಂಗುಲ ಉಳಿಯುವುದರಿಂದ ತಳವು ಬೇಗ ಸಮವಾಗುವುದು. ಹಾಗೆಂದು ದೊಡ್ಡದನ್ನೇ ಕೊಳ್ಳಬೇಕೆಂದಲ್ಲ. ಅದು ವೀಳೆಯದೆಲೆಯ ತುದಿಯಂತಹ ಇಕ್ಕಟ್ಟಿನೊಳಕ್ಕೆ ನುಗ್ಗಲಾರದು. ಅದಕ್ಕೆ ಅರ್ಧ ಅಂಗುಲದ ದಂಡನ್ನು ಹಿಡಿಯುವ ದೊಡ್ಡ ಯಂತ್ರವೂ ಬೇಕು, ವೇಗವನ್ನು ನಿಮಿಷಕ್ಕೆ 18,000 ಸುತ್ತಿಗೋ ಅದಕ್ಕೂ ಕೆಳಕ್ಕೋ ಇಳಿಸಲೂ ಬೇಕು. ಸಣ್ಣ ಟ್ರಿಮ್ಮರ್ ಯಂತ್ರಗಳು 30,000 ಸುತ್ತಿನವರೆಗೆ ತಿರುಗುವುವು. ಅವುಗಳಿಗೆ ಅಗಲವಾದ ಬಿಟ್ಟನ್ನು ಹಾಕುವುದು ಸಾಹಸವಲ್ಲ, ಅವಿವೇಕ. ನಾವು 3/4 ಅಂಗುಲದ್ದನ್ನೇ ಆರಿಸಿದೆವು. ಬೆಲೆ ಹೆಚ್ಚಾದರೂ ಕಾರ್ಬೈಡ್ ಅಲಗಿನದೇ ಮೇಲು. ಬರಿಯ ಉಕ್ಕಿನದು ಬೇಗ ಮೊಂಡಾಗಿ ಮರವನ್ನು ಕತ್ತರಿಸುವ ಬದಲು ಸುಡುವುದು.

ಮಾದರಿ ಹಲಗೆಯು ತೆಳ್ಳಗಿರಕೂಡದು. ಅಲಗಿನ ಎತ್ತರ 12 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಮೊದಲ ಸಲ ಮರದೊಳಕ್ಕೆ 3 ಮಿಲಿಮೀಟರ್ ಇಳಿಸಿದರೆ ಮಿಕ್ಕ 9 ಮಿಲಿಮೀಟರ್ ಮಾದರಿಯ ಮಟ್ಟದಲ್ಲೇ ಇರುವುದು. ಅದರ ಮೇಲೆ ಇರುವ ಬೇರಿಂಗಿಗೆ ಆಸರೆ ಸಿಕ್ಕಬೇಕಾದರೆ ಮಾದರಿಯು 18 ಮಿಲಿಮೀಟರ್ ಪ್ಲೈವುಡ್ ಆಗಿರುವುದು ಯುಕ್ತ. ಒಂದೊಂದು ಸುತ್ತಿಗೆ 3 ಮಿಲಿಮೀಟರಿಗಿಂತ ಹೆಚ್ಚು ಇಳಿಸದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಯಂತ್ರವನ್ನು ಒಳಗೋಡೆಯ ಗುಂಟ ನಡಸತಕ್ಕದ್ದು. ಹಿಂದುಮುಂದಾದರೆ ಅಲಗು ಮರವನ್ನು ಕಚ್ಚಿಕೊಂಡು ಯಂತ್ರವನ್ನೇ ಕೈಯಿಂದ ಎಳೆದುಕೊಂಡು ಓಡುವುದು. ತೀರ ನಿಧಾನಿಸಿದರೂ ಗೋಡೆ ಕಪ್ಪಾಗುವುದು. ನಡುವಣ ಮರವನ್ನು ಮೊದಲೇ ತೆಗೆದುಬಿಟ್ಟರೆ ಯಂತ್ರದ ಪೀಠಕ್ಕೆ ಆಧಾರವಿಲ್ಲದೆ ಅದು ಒಳಕ್ಕೆ ವಾಲುವುದರಿಂದ, ಹೊಳೆಯ ನಡುವಣ ದಿಬ್ಬದಂತೆ ಅಲ್ಲಷ್ಟು ಮರವನ್ನು ಕಡೆಯವರೆಗೆ ಉಳಿಸಿಕೊಂಡು, ಪೀಠಕ್ಕೆ ಅಗಲವಾದ ಹಲಗೆಯೊಂದನ್ನು ಕಟ್ಟಿ ಕೊನೆಗೆ ಅದನ್ನು ತೆಗೆಯುವುದು ಲೇಸು.

ಬಿಟ್ಟನ್ನು ಬದಲಾಯಿಸುವಾಗ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ಗುಂಡಿಯನ್ನು ಆರಿಸಿದರೆ ಸಾಲದು. ದಂಡನ್ನು ತಳಮುಟ್ಟ ತೂರಿಸಿ, ಆಮೇಲೆ ಕೂದಲೆಳೆಯಷ್ಟಲ್ಲ, 2–3 ಮಿಲಿಮೀಟರ್ ಹಿಂದಕ್ಕೆಳೆದು ಬಿಗಿಯತಕ್ಕದ್ದು. ಪಂಚೆಯನ್ನುಟ್ಟು ಈ ಕೆಲಸಕ್ಕೆ ನಿಲ್ಲಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮುಸುಕು ಇರಲೇಬೇಕು. ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರತಕ್ಕ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ನಿರ್ಣಯಿಸಿದೆ. ಕೆಲಸವು ನಡೆದಷ್ಟು ದಿನವೂ ನಮ್ಮ ಮನೆಯವರು ಮಕ್ಕಳನ್ನು ಆ ಕಡೆಗೆ ಸುಳಿಯಗೊಡಲಿಲ್ಲ.

ಒಂದೂವರೆ ಅಂಗುಲ ದಪ್ಪದ ಹಲಗೆಯಲ್ಲಿ ಒಂದು ಅಂಗುಲ ತೋಡಿ ತಳಕ್ಕೆ ಅರ್ಧ ಅಂಗುಲ ಉಳಿಸಿದೆವು. ಎರಡು ಹರಿವಾಣಗಳು ಎಣಿಸಿದಂತೆಯೇ ಬಂದುವು. ಮೂರನೆಯ ಹಲಗೆಯಲ್ಲಿ ನಾಲ್ಕನೆಯ ಸುತ್ತಿಗೆ, ಹೊರಗೆ ಕಾಣದಿದ್ದ ಒಂದು ಬಿರುಕು ತೋರಿತು. ಅಲ್ಲಿಗೇ ತೋಡುವುದನ್ನು ನಿಲ್ಲಿಸಿ, ಬಿರುಕಿನ ಕಡೆಯನ್ನು ಗರಗಸದಿಂದ ಕೊಯ್ದುಹಾಕಿ, ಗಿಡ್ಡನಾದ ಹೊಸ ಮಾದರಿಯೊಂದನ್ನು ಮಾಡಿಕೊಂಡೆವು. ಅದು ಯಾರಿಗೆ ಸಲ್ಲಬೇಕೆಂಬ ಚರ್ಚೆಯು ಅಕ್ಕನವರ ಮುಂದೆ ಏಳಲೇ ಇಲ್ಲ. ಚಿಕ್ಕದು ನಮಗಿರಲೆಂದು ಮೊದಲೇ ಎತ್ತಿಟ್ಟುಕೊಂಡಿದ್ದೆವು.

ಕಡೆಯದಾಗಿ ಎಣ್ಣೆಯ ಮಾತು. ಅಡಿಗೆಯ ಎಣ್ಣೆಯನ್ನು ಸವರಿದರೆ ಕ್ರಮೇಣ ಕಮಟು ವಾಸನೆ ಹುಟ್ಟುವುದುಂಟು. ಔಷಧದ ಅಂಗಡಿಯ ಶುದ್ಧ ಖನಿಜತೈಲವು ಕಮಟಾಗದು, ಆದರೆ ಆಗಾಗ ಮತ್ತೆ ಸವರಬೇಕು. ಅಗಸೆಯೆಣ್ಣೆಯು ಗಟ್ಟಿಯಾಗಿ ಒಣಗುವುದು. ಅದರಲ್ಲಿ ತೊಯ್ದ ಬಟ್ಟೆಯನ್ನು ಮುದುರಿ ಮೂಲೆಗೆಸೆದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲುದಾದ್ದರಿಂದ ಬಯಲಲ್ಲಿ ಹರಡಿ ಒಣಗಿಸತಕ್ಕದ್ದು. ನಾವು ಖನಿಜತೈಲವನ್ನೇ ಸವರಿದೆವು. ಹಲಸಿನ ಹಳದಿಯು ಬೆಳಕಿಗೆ ಈಗಾಗಲೇ ಕಂದುಬಣ್ಣಕ್ಕೆ ತಿರುಗತೊಡಗಿದೆ. ನಮ್ಮ ಪಾಲಿನ ಗಿಡ್ಡ ಹರಿವಾಣದಲ್ಲಿ ಅಡಕತ್ತರಿಯೂ ಸುಣ್ಣದ ಡಬ್ಬಿಯೂ ಒಂದು ಕವಳಿಗೆ ಎಲೆಯೂ ಹಿಡಿಸುತ್ತವೆ.