ಕೂದಲು ಕತ್ತರಿಸಿದ ವರ್ಷ

ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ ‘ಲೋಡ್’ ಆಲ್ಬಮ್ 1996ರ ಜೂನ್‌ನಲ್ಲಿ ಅಂಗಡಿಗಳಿಗೆ ಬಂದಾಗ ಎಷ್ಟೋ ಅಭಿಮಾನಿಗಳಿಗೆ ಹಾಡು ಕೇಳುವ ಮೊದಲೇ ಸಿಟ್ಟು ಬಂತು. ಒಳಗಿದ್ದ ಪುಸ್ತಿಕೆಯನ್ನು ಬಿಡಿಸಿ ನೋಡಿದ್ದೇ ಸಾಕಾಯಿತು. ಕಪ್ಪು ಅಂಗಿ, ಹರಿದ ಜೀನ್ಸ್, ಬೆನ್ನ ಮೇಲೆ ಹರಡಿದ ಕೂದಲು ಎಂದೇ ಅವರು ಗುರುತಿಸುತ್ತಿದ್ದ ನಾಲ್ವರೂ ಈಗ ಗಿಡ್ಡ ಕೂದಲಿನವರು. ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಕಣ್ಣಿಗೆ ಕಾಡಿಗೆ ತೀಡಿಕೊಂಡಿದ್ದರು. ಫೋಟೊ ತೆಗೆದವರು ಯು2 ತಂಡದ ಚಿತ್ರಗಳಿಂದ ಹೆಸರಾದ ಡಚ್ ಛಾಯಾಗ್ರಾಹಕ ಆಂಟನ್ ಕೋರ್ಬೈನ್. ಭರ್ಜಿಯ ಮೊನೆಯಂತೆ ಚೂಪಾಗಿದ್ದ ತಂಡದ ಲೋಗೋವನ್ನೂ ಸವರಿ ಸಪಾಟು ಮಾಡಲಾಗಿತ್ತು.

ಮಾರಿಕೊಂಡರು! ಮೆಟಲ್ ಕೇಳುವವರು ಸೇರಿದಲ್ಲೆಲ್ಲ ಆಗ ಇದೇ ಮಾತು. ಇಂಗ್ಲಿಷಿನವರು ‘ಸೆಲ್‌ಔಟ್’ ಎನ್ನುತ್ತಾರೆ, ಬೆಂಗಳೂರಿನ ಮೆಟಲ್ ಹುಡುಗರ ಬಾಯಲ್ಲೂ ಅದೇ ಪದ. ಕನ್ನಡದಲ್ಲಿ ಹೇಳಿದಾಗ ಅದರ ಪೆಟ್ಟು ಇನ್ನೂ ಜೋರು. ಮಾರಿದರು ಎಂದರೆ ಸರಕು ಕೊಟ್ಟು ದುಡ್ಡು ತೆಗೆದುಕೊಂಡರು ಎಂದಷ್ಟೇ. ಮಾರಿಕೊಂಡರು ಎಂದರೆ ತಮ್ಮನ್ನೇ ಕೊಟ್ಟುಬಿಟ್ಟರು.

ಈ ದೂರು ಹುಟ್ಟಿದ್ದು 1996ರಲ್ಲಿ ಅಲ್ಲ. ಅದಕ್ಕೂ ಹನ್ನೆರಡು ವರ್ಷ ಹಿಂದೆ, ತಂಡ ಕಟ್ಟಿ ಮೂರು ವರ್ಷವಾಗುವ ಹೊತ್ತಿಗೇ ಅದು ಶುರುವಾಗಿತ್ತು. 1983ರ ಮೊದಲ ಆಲ್ಬಮ್ ‘ಕಿಲ್ ಎಮ್ ಆಲ್’ ಉಸಿರು ಬಿಡಲು ಪುರುಸೊತ್ತು ಕೊಡದಷ್ಟು ವೇಗದ್ದು. ಮರುವರ್ಷದ ‘ರೈಡ್ ದ ಲೈಟ್ನಿಂಗ್’ನಲ್ಲಿದ್ದ ‘ಫೇಡ್ ಟು ಬ್ಲ್ಯಾಕ್’ ಮಾತ್ರ ಅಕೂಸ್ಟಿಕ್ ಗಿಟಾರಿನ ಮೇಲೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಅಷ್ಟಕ್ಕೇ ಕೆಲವರು ಮುಖ ತಿರುಗಿಸಿದರು. ಅದೇ ಆಲ್ಬಮ್ಮಿನ ಮೊದಲ ಹಾಡು ಆರಂಭವಾಗುವುದೂ ಅಕೂಸ್ಟಿಕ್ ಗಿಟಾರಿನಿಂದಲೇ. ಆದರೆ ಅದು ಒಂದು ನಿಮಿಷ ತುಂಬುವ ಮೊದಲೇ ಸಿಡಿಯುತ್ತದೆ, ‘ಫೇಡ್ ಟು ಬ್ಲ್ಯಾಕ್’ ಕಾಯುತ್ತದೆ. ಕಾಯುವುದನ್ನೇ ದ್ರೋಹ ಎಂದರು.

ಆ ಹಾಡಿನ ಹುಟ್ಟು ಗೊತ್ತಿದ್ದರೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. 1984ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ತಂಡದ ವಾದ್ಯ ಸಾಮಗ್ರಿ ಕಳವಾಯಿತು. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಅವರಿಗೆ ಪ್ರಾಣವಾಗಿದ್ದ ಮಾರ್ಷಲ್ ಆಂಪ್ಲಿಫೈಯರ್ ಕೂಡ ಅದರಲ್ಲಿ ಹೋಯಿತು. ಕೈ ಬರಿದಾಗಿ, ಪರಿಚಯದವರ ಮನೆಗಳಲ್ಲಿ ಮಲಗಿ ದಿನ ದೂಡುತ್ತಿದ್ದ ಹುಡುಗರು ಅವರು. ಬದುಕೇ ಸಾಕು ಎನಿಸಿದವನ ಮನಸ್ಸನ್ನು ಆ ಹಾಡು ಹೇಳುತ್ತದೆ. ದೊಡ್ಡ ಕಂಪನಿಯೊಂದು ಅವರನ್ನು ಒಪ್ಪಂದಕ್ಕೆ ತೆಗೆದುಕೊಂಡದ್ದು ಆ ಆಲ್ಬಮ್ ಹೊರಬಂದ ಮೇಲೆ. ಮಾರಿಕೊಂಡರು ಎಂಬ ಮಾತು ಕೊಳ್ಳುವವನಿಗಿಂತ ಮೊದಲೇ ಬಾಗಿಲಿಗೆ ಬಂದಿತ್ತು.

ಹಾಗಾದರೆ ಸಿಟ್ಟು ಎಲ್ಲಿಂದ ಬಂತು? ಅದರ ಬೇರು ಇರುವುದು ಕ್ಯಾಸೆಟ್ಟಿನಲ್ಲಿ. ಮೆಟಾಲಿಕಾ 1982ರಲ್ಲಿ ಮಾಡಿದ ‘ನೋ ಲೈಫ್ ಟಿಲ್ ಲೆದರ್’ ಎಂಬ ಡೆಮೊ ಯಾವ ಅಂಗಡಿಯಿಂದಲೂ ಊರಿಗೆ ಹಬ್ಬಲಿಲ್ಲ. ಒಬ್ಬ ಕೇಳುಗ ಇನ್ನೊಬ್ಬನಿಗೆ ನಕಲು ಮಾಡಿಕೊಟ್ಟು, ಅವನು ಮತ್ತೊಬ್ಬನಿಗೆ ಅಂಚೆಯಲ್ಲಿ ಕಳಿಸಿ, ಕೈಯಿಂದ ಕೈಗೆ ಹರಡಿತು. ನ್ಯೂಜೆರ್ಸಿಯ ಸಂತೆಕಟ್ಟೆಯೊಂದರಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ ಜಾನ್ ಜಝೂಲಾ ಅವರ ಕೈಗೂ ಹೀಗೆಯೇ ಒಂದು ಪ್ರತಿ ಸಿಕ್ಕಿತು. ಅವರು ಆ ಹುಡುಗರನ್ನು ಕ್ಯಾಲಿಫೋರ್ನಿಯಾದಿಂದ ಕರೆಸಿಕೊಂಡರು, ಆಲ್ಬಮ್ ಹೊರತರಲು ಯಾರೂ ಸಿಗದಿದ್ದಾಗ ತಾವೇ ‘ಮೆಗಾಫೋರ್ಸ್’ ಎಂಬ ಕಂಪನಿ ತೆರೆದರು. ರೇಡಿಯೊ ಕೈ ಹಿಡಿಯದ, ಟಿವಿ ಕಣ್ಣೆತ್ತಿಯೂ ನೋಡದ ಕಾಲದಲ್ಲಿ ಈ ತಂಡವನ್ನು ಹೊತ್ತು ನಡೆದವರು ಕೇಳುಗರು. ಒಂದೊಂದು ನಕಲಿಗೂ ಟೇಪ್ ರೆಕಾರ್ಡರ್ ಮುಂದೆ ಕೂತವರು, ಲಕೋಟೆಗೆ ವಿಳಾಸ ಬರೆದವರು. ಮನೆಯವರಿಗೆ ಮಾತ್ರ ಇರುವ ಒಂದು ಸಲಿಗೆ ಇರುತ್ತದಲ್ಲ, ‘ನಮ್ಮನ್ನು ಕೇಳದೆ ಹೇಗೆ ಬದಲಾದೆ’ ಎನ್ನುವಂಥದ್ದು, ಅದು ಅವರಿಗೆ ಬಂದದ್ದು ಹೀಗೆ. ಆ ಸಲಿಗೆಯನ್ನು ಹಗುರವಾಗಿ ಕಾಣಬಾರದು. ಅದಿಲ್ಲದಿದ್ದರೆ ಈ ಸಂಗೀತ ಒಂದು ಬೀದಿಯನ್ನೂ ದಾಟುತ್ತಿರಲಿಲ್ಲ.

1989ರಲ್ಲಿ ತಂಡ ‘ಒನ್’ ಹಾಡಿನೊಂದಿಗೆ ಮೊದಲ ಬಾರಿ ವಿಡಿಯೊ ಹೊರತಂದಾಗಲೂ ಗೊಣಗಾಟವಿತ್ತು. ನಿಜವಾದ ಬಿರುಗಾಳಿ ಎದ್ದದ್ದು 1991ರ ಆಗಸ್ಟ್‌ನಲ್ಲಿ, ತಂಡದ ಹೆಸರನ್ನೇ ಹೊತ್ತ, ಎಲ್ಲರೂ ‘ಬ್ಲ್ಯಾಕ್ ಆಲ್ಬಮ್’ ಎನ್ನುವ ಆಲ್ಬಮ್ ಬಂದಾಗ. ಅದರ ಹಿಂದಿನ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನ ಹಾಡುಗಳು ಉದ್ದ, ಜಟಿಲ. ಶೀರ್ಷಿಕೆ ಗೀತೆಯೊಂದೇ ಹತ್ತಿರ ಹತ್ತಿರ ಹತ್ತು ನಿಮಿಷ. ವೇದಿಕೆಯಲ್ಲಿ ಅದನ್ನು ನುಡಿಸುವಾಗ ಎದುರಿಗಿದ್ದ ಜನ ಸೋತು ನಿಲ್ಲುವುದನ್ನು ಕಂಡು ತಮಗೇ ಸಾಕಾಯಿತು ಎಂದು ಹ್ಯಾಮೆಟ್ ಹೇಳಿಕೊಂಡಿದ್ದಾರೆ. ಹೊಸ ಆಲ್ಬಮ್ಮಿಗೆ ಅವರು ಕರೆದದ್ದು ಬಾಬ್ ರಾಕ್ ಅವರನ್ನು. ಬಾಬ್ ರಾಕ್ ಎಂದರೆ ಮೋಟ್ಲಿ ಕ್ರೂ ತಂಡದ ‘ಡಾಕ್ಟರ್ ಫೀಲ್‌ಗುಡ್’ ಮಾಡಿದವರು, ಥ್ರ್ಯಾಶ್ ಎಂಬ ವೇಗದ ಮೆಟಲ್ ಕೇಳುವವರು ತುಚ್ಛವಾಗಿ ಕಾಣುತ್ತಿದ್ದ, ಗ್ಲಾಮ್ ಎಂಬ ಥಳುಕಿನ ರಾಕ್ ಬೀದಿಯವರು. ವೈರಿಯ ಮನೆಯ ಅಡುಗೆಯವನನ್ನು ಕರೆತಂದಂತೆ ಆಯಿತು.

ಆದರೆ ಲಾಸ್ ಏಂಜಲೀಸ್‌ನ ಸ್ಟುಡಿಯೊ ಒಳಗೆ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ‘ಸ್ಯಾಡ್ ಬಟ್ ಟ್ರೂ’ ಹಾಡಿನ ಕೆಲಸ ಶುರುವಾದಾಗ ರಾಕ್ ಒಂದು ವಿಷಯ ಗಮನಿಸಿದರು. ಅದುವರೆಗೆ ಕೈಗೆತ್ತಿಕೊಂಡ ಹಾಡುಗಳೆಲ್ಲ ‘ಇ’ ಸ್ವರದಲ್ಲೇ ಇದ್ದವು. ಯಾಕೆ ಎಂದು ಕೇಳಿದರೆ, ಗಿಟಾರಿನಲ್ಲಿ ಅದಕ್ಕಿಂತ ಕೆಳಗೆ ಸ್ವರವೇ ಇಲ್ಲವಲ್ಲ ಎಂಬ ಉತ್ತರ ಬಂತು. ತಾವು ಮೋಟ್ಲಿ ಕ್ರೂ ಜೊತೆಗೆ ತಂತಿಯನ್ನು ‘ಡಿ’ಗೆ ಇಳಿಸಿದ್ದನ್ನು ರಾಕ್ ಹೇಳಿದರು. ಇಳಿಸಿ ನುಡಿಸಿದರು. ಸಡಿಲವಾದ ದಪ್ಪ ತಂತಿಯ ಮೇಲೆ ಅದೇ ರಿಫ್, ಅಂದರೆ ಮರುಕಳಿಸುವ ಗಿಟಾರ್ ಸ್ವರಗುಚ್ಛ, ಒನಕೆ ಪೆಟ್ಟಿನಂತೆ ಬಿತ್ತು. ಮೆಟಾಲಿಕಾದ ಅತ್ಯಂತ ಭಾರವಾದ ನಾದಗಳಲ್ಲಿ ಒಂದನ್ನು ಅವರ ಕೈಗಿತ್ತದ್ದು ಅವರನ್ನು ಕೆಡಿಸಿದ ಎಂಬ ಅಪವಾದ ಹೊತ್ತ ಮನುಷ್ಯನೇ. ಎಂಟು ತಿಂಗಳ ಕೆಲಸ, ಮೂರು ಬಾರಿ ಮಿಕ್ಸಿಂಗ್, ಸುಮಾರು 10 ಲಕ್ಷ ಡಾಲರ್ ಖರ್ಚು. ಸುಲಭದ ದಾರಿ ಹಿಡಿದವರ ಲೆಕ್ಕ ಹೀಗಿರುವುದಿಲ್ಲ. ಅಮೆರಿಕ ಒಂದರಲ್ಲೇ ಅದು 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು ಎನ್ನುವುದು ನಿಜ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ನಾದ ಸಣ್ಣದಾಗುವುದಿಲ್ಲ.

‘ಲೋಡ್’ ವಿಷಯದಲ್ಲಿ ಅಭಿಮಾನಿಗಳ ಪಕ್ಷಕ್ಕೆ ಹೆಚ್ಚು ಬಲವಿದೆ. ಹದಿನಾಲ್ಕು ಹಾಡು, 79 ನಿಮಿಷ, ಅಷ್ಟೂ ಉದ್ದಕ್ಕೆ ಎಳೆಯುವಷ್ಟು ಸರಕು ಅದರಲ್ಲಿಲ್ಲ. ಆ ಫೋಟೊಗಳ ವೇಷ ತಮ್ಮದಲ್ಲ ಎಂದು ಹೆಟ್‌ಫೀಲ್ಡ್ ಅವರೇ ಮುಂದೆ ಬಹಿರಂಗವಾಗಿ ಹೇಳಿದರು. ಆದರೂ ಆ ಆಲ್ಬಮ್ಮಿನಲ್ಲಿ ‘ಮಾಮಾ ಸೆಡ್’ ಎಂಬ ಹಾಡಿದೆ, ಕಂಟ್ರಿ ಸಂಗೀತದ ಧಾಟಿಯದು. ಹೆಟ್‌ಫೀಲ್ಡ್ ಅವರ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಹದಿನಾರು ವರ್ಷ. ತಾಯಿಯ ಧರ್ಮಶ್ರದ್ಧೆ ಎಂಥದೆಂದರೆ ವೈದ್ಯರ ಚಿಕಿತ್ಸೆಯೇ ನಿಷಿದ್ಧ. ಆ ನೋವನ್ನು ಅವರು ಹಿಂದಿನ ಆಲ್ಬಮ್ಮಿನಲ್ಲಿ ಕೋಪವಾಗಿ ಹಾಡಿದ್ದರು. ಇಲ್ಲಿ ಮಗನಾಗಿ ಹಾಡಿದ್ದಾರೆ. ಹಾಡು ಹಿಡಿಸದಿರಬಹುದು. ಅದನ್ನು ದುಡ್ಡಿಗಾಗಿ ಬರೆದರು ಎನ್ನುವುದು ಮಾತ್ರ ಅನ್ಯಾಯ.

ಅದೇ ವರ್ಷ ಬ್ರೆಜಿಲ್‌ನ ಸೆಪಲ್ಟುರಾ ತಂಡ ‘ರೂಟ್ಸ್’ ತಂದಿತು. ಮಾಟೊ ಗ್ರೊಸ್ಸೊ ಪ್ರಾಂತ್ಯದ ಶವಾಂತೆ ಬುಡಕಟ್ಟಿನ ಜನರ ಊರಿಗೆ ಹೋಗಿ, ಅವರ ಹಾಡನ್ನು ಅವರೊಂದಿಗೇ ಧ್ವನಿಮುದ್ರಿಸಿಕೊಂಡು ಬಂದಿದ್ದರು. ನಿರ್ಮಾಪಕ ರಾಸ್ ರಾಬಿನ್ಸನ್ ಮೊದಲು ಕಾರ್ನ್ ತಂಡದ ಜೊತೆ ಕೆಲಸ ಮಾಡಿದ್ದರು ಎಂಬ ಕಾರಣಕ್ಕೆ ಇವರಿಗೂ ‘ಮಾರಿಕೊಂಡರು’ ಎಂಬ ಅದೇ ಹಣೆಪಟ್ಟಿ.

ಹಣವೇ ಅಳತೆಗೋಲಾದರೆ ಡಾರ್ಕ್‌ಥ್ರೋನ್ ತಂಡದ ಕತೆ ಎಲ್ಲಿ ಕೂರುತ್ತದೆ? ನಾರ್ವೆಯ ಕೊಲ್ಬೊಟ್ನ್ ಊರಿನ ಈ ಹುಡುಗರು 1991ರಲ್ಲಿ ಅಚ್ಚುಕಟ್ಟಾದ ಡೆತ್ ಮೆಟಲ್ ಆಲ್ಬಮ್ ಮಾಡಿದರು. ಕಂಪನಿ ಅಂಥದೇ ಇನ್ನೊಂದನ್ನು ಕಾಯುತ್ತಿದ್ದಾಗ, 1992ರಲ್ಲಿ ಅವರು ಕೊಟ್ಟದ್ದು ‘ಅ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’. ಕರಕರ ಎನ್ನುವ, ತಣ್ಣಗೆ ಕೊರೆಯುವ ಬ್ಲ್ಯಾಕ್ ಮೆಟಲ್. ಕಂಪನಿ ಹಿಂದೆಮುಂದೆ ನೋಡಿತು. ಧ್ವನಿ ಬದಲಿಸಿದ್ದರಲ್ಲಿ ಇವರು ಮೆಟಾಲಿಕಾಕ್ಕಿಂತ ದೂರ ಹೋದವರು, ಆದರೆ ದುಡ್ಡಿಗೆ ಬೆನ್ನು ಹಾಕಿ ಹೋದವರು. ಡ್ರಮ್ಮರ್ ಫೆನ್ರಿಜ್ ವರ್ಷಗಟ್ಟಲೆ ಅಂಚೆ ಸೇವೆಯ ನೌಕರಿ ಮಾಡಿಕೊಂಡೇ ಸಂಗೀತ ಮಾಡಿದರು.

ಇದಕ್ಕೆ ಎದುರು ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್. ‘ಟು ಮೆಗಾ ಥೀರಿಯನ್’ನಂಥ ಕಗ್ಗತ್ತಲ ಕೃತಿ ಕೊಟ್ಟ ತಂಡ 1988ರಲ್ಲಿ ಕೂದಲು ಉಬ್ಬಿಸಿಕೊಂಡು ‘ಕೋಲ್ಡ್ ಲೇಕ್’ ಎಂಬ ಗ್ಲಾಮ್ ಆಲ್ಬಮ್ ತಂದಿತು. ಅದು ಕೆಟ್ಟದ್ದೇ, ಸಂಶಯವಿಲ್ಲ. ಹಾಗೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಅದನ್ನು ಮಾಡಿದ ಟಾಮ್ ವಾರಿಯರ್ ಅವರೇ. ತಂಡದ ಹಳೆಯ ಆಲ್ಬಮ್‌ಗಳು ಮರುಮುದ್ರಣವಾದಾಗ ಅದೊಂದನ್ನು ಹೊರಗಿಡಲಾಯಿತು. 2006ರಲ್ಲಿ ಅದೇ ಮನುಷ್ಯ ‘ಮೊನೊಥೀಸ್ಟ್’ ಮಾಡಿದರು, ಕೇಳಿದವರ ಎದೆಯ ಮೇಲೆ ಬಂಡೆ ಇಟ್ಟಂಥ ಆಲ್ಬಮ್. ತನ್ನನ್ನೇ ಮಾರಿಕೊಂಡವನು ಹೀಗೆ ಮರಳಿ ಬರಲು ಸಾಧ್ಯವೇ? ತಪ್ಪು ದಾರಿ ತುಳಿದವನು ಮರಳುತ್ತಾನೆ. ಅಭಿಮಾನಿಗಳ ವಾದ ಜಾರುವುದು ಇಲ್ಲಿಯೇ. ಹಾಡು ಸೋತಿದೆ ಎಂದು ಕಿವಿ ಹೇಳುತ್ತಿರುವಾಗ, ಬಾಯಿ ಮನುಷ್ಯನ ಮೇಲೆ ದ್ರೋಹ ಹೊರಿಸುತ್ತದೆ. ‘ಕೋಲ್ಡ್ ಲೇಕ್’ನ ಗಿಟಾರ್ ಯಾಕೆ ತೆಳು, ‘ಲೋಡ್’ನ ಹತ್ತನೆಯ ಹಾಡಿನ ಹೊತ್ತಿಗೆ ಯಾಕೆ ಆಕಳಿಕೆ ಬರುತ್ತದೆ ಎಂದು ಜಗಳವಾಡಿದರೆ ರಾತ್ರಿ ಇಡೀ ಕೂತು ಕೇಳಬಹುದು. ಯಾರ ಮನಸ್ಸಿನಲ್ಲಿ ಎಷ್ಟು ದುಡ್ಡಿನ ಆಸೆ ಇತ್ತು ಎಂಬ ಜಗಳಕ್ಕೆ ಸಾಕ್ಷಿಯೇ ಇರುವುದಿಲ್ಲ.

ಸ್ವೀಡನ್ನಿನ ಓಪೆತ್ ತಂಡದ ಮಿಕಾಯೆಲ್ ಓಕರ್‌ಫೆಲ್ಟ್ ಈ ದೂರನ್ನು ಹದಿಮೂರು ವರ್ಷ ಅನುಭವಿಸಿದರು. ಗ್ರೌಲ್ ಎಂಬ ಹೊಟ್ಟೆಯಾಳದ ಗರ್ಜನೆ ಮತ್ತು ತಿಳಿಯಾದ ಹಾಡುಗಾರಿಕೆ, ಎರಡನ್ನೂ ಒಂದೇ ಗಂಟಲಿನಿಂದ ಹೊರಡಿಸುವವರು ಅವರು. 2011ರ ‘ಹೆರಿಟೇಜ್’ನಲ್ಲಿ ಗರ್ಜನೆ ನಿಂತಿತು, ಎಪ್ಪತ್ತರ ದಶಕದ ಪ್ರೋಗ್ರೆಸಿವ್ ರಾಕ್ ಬಂತು. ಆ ಹೊತ್ತಿಗೆ ಎಪ್ಪತ್ತರ ಪ್ರೋಗ್ ಲಾಭದ ಸರಕಾಗಿರಲಿಲ್ಲ, ಆದರೂ ಬೈಗುಳ ತಪ್ಪಲಿಲ್ಲ. 2024ರಲ್ಲಿ ‘ದ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ನಲ್ಲಿ ಗರ್ಜನೆ ಮರಳಿತು, ಕತೆಯೊಂದು ಅದನ್ನು ಬೇಡಿದಾಗ.

ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದ್ದು 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಇಲ್ಲಿನ ಮೆಟಲ್ ಬಳಗವೂ ಎರವಲು ಕ್ಯಾಸೆಟ್ಟಿನ ನಕಲುಗಳಿಂದಲೇ ಬೆಳೆದದ್ದು. 1984ರ ಪಕ್ಷದವರೂ 1991ರ ಪಕ್ಷದವರೂ ಅದರಲ್ಲಿದ್ದಾರೆ. ಅಂದು ಎರಡೂ ಕಾಲದ ಹಾಡುಗಳು ಮೊಳಗಿದವು, ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಕೂಡ.

ಮಾರಿಕೊಂಡರು ಎನ್ನುವವರು ಮೊದಲು ಬೆರಳು ತೋರಿಸುವ ಹಾಡು ಅದು. ಮೈಕಲ್ ಕೇಮನ್ ಅವರ ವಾದ್ಯವೃಂದ ಬೇರೆ ಅದರ ಹಿಂದಿದೆ. ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಗೆಳತಿಯೊಂದಿಗೆ ಮಾತಾಡುತ್ತ, ಇನ್ನೊಂದು ಕೈಯಲ್ಲಿ ಗಿಟಾರನ್ನು ಸುಮ್ಮನೆ ಮೀಟುತ್ತಿದ್ದಾಗ ಅದು ಹುಟ್ಟಿತು. ಇದು ತಮ್ಮ ಖಾಸಗಿ ಹಾಡು, ತಂಡಕ್ಕಲ್ಲ ಎಂದೇ ಅವರು ಇಟ್ಟುಕೊಂಡಿದ್ದರು. ಫೋನ್ ಹಿಡಿದಿದ್ದ ಕೈ ತಂತಿ ಒತ್ತಲು ಬಿಡುವಾಗಿರಲಿಲ್ಲ, ಹಾಗಾಗಿ ಮೊದಲ ಸ್ವರಗಳೆಲ್ಲ ಒತ್ತದ ತಂತಿಗಳವೇ: ಆರನೆಯದು, ಮೂರನೆಯದು, ಎರಡನೆಯದು, ಮೊದಲನೆಯದು. ಗಿಟಾರನ್ನು ಮೊದಲ ಬಾರಿ ತೊಡೆಯ ಮೇಲೆ ಇಟ್ಟುಕೊಂಡ ಹುಡುಗಿಯೊಬ್ಬಳು ಇವತ್ತು ಸಂಜೆಯೇ, ಎಡಗೈಯನ್ನು ಬಳಸದೆ, ಅಷ್ಟನ್ನು ನುಡಿಸಬಲ್ಲಳು.