ಕಿಲೋಮೀಟರಿಗಿಷ್ಟು ಅಂದ್ರೆ ನಮ್ಮನೆಗೆಷ್ಟು? | ಮನೆ ಲೆಕ್ಕ, ಭಾಗ 3

ಮೊದಲನೇ ಫೋಟೊದಲ್ಲಿರೋದು ನಮ್ಮಪ್ಪನ ಗೂಡ್ಸ್ ಗಾಡಿಯ ಮೀಟರ್. ಫಿಲ್ಟರ್ ಏನೂ ಹಾಕಿಲ್ಲ, ಗಾಜಿನ ಮೇಲಿನ ಧೂಳೇ ಹಾಗಿದೆ.

ಹೋದ ವಾರ ಕ್ಲಾಸಲ್ಲಿ ಡಿಬೇಟ್ ಇತ್ತಲ್ಲ, ಗಾಡಿ ಓಡಿದ ದೂರಕ್ಕೆ ತಕ್ಕ ಹಾಗೆ ತೆರಿಗೆ ಹಾಕೋದು ಸರಿನಾ ಅಂತ? ನಾನು ಸರಿ ಅಂತ ಮಾತಾಡಿದ್ದೆ. ರಸ್ತೆ ಜಾಸ್ತಿ ಬಳಸೋರು ಜಾಸ್ತಿ ಕೊಡ್ಲಿ, ಅಷ್ಟೇ. ನಿಮ್ಮಲ್ಲಿ ಸುಮಾರು ಜನ ಚಪ್ಪಾಳೆನೂ ಹೊಡೆದ್ರಿ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಮದ್ದೂರಿಂದ ಕೆಂಗೇರಿಗೆ ಎಳನೀರು ಸಾಗಿಸ್ತಾರೆ. ಹೋಗಿ ಬರೋದು 140 ಕಿ.ಮೀ., ತಿಂಗಳಿಗೆ 26 ದಿನ. ಮುದ್ದೆ ಮುರೀತಾ ಒಂದೇ ಮಾತು ಕೇಳಿದ್ರು: "ಡೀಸೆಲ್ ಮೇಲಿನ ಟ್ಯಾಕ್ಸ್ ತೆಗೆದು ಇದು ಹಾಕ್ತಾರಾ, ಇಲ್ಲ ಅದರ ಜೊತೆಗೆ ಇದೂನಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಪೆನ್ನು ಹಿಡ್ಕೊಂಡು ಕೂತೆ. ನೀವೂ ನನ್ನ ಜೊತೆ ಲೆಕ್ಕ ಹಾಕಿ.

ಸುಲಭ ಆಗ್ಲಿ ಅಂತ, ಒಂದು ಲೀಟರ್ ಡೀಸೆಲ್‌ನಲ್ಲಿ ₹28 ತೆರಿಗೆ ಅಂತ ಇಟ್ಕೊಳ್ಳಿ. ಅಪ್ಪನ ಹಳೇ ಗಾಡಿ ಲೀಟರಿಗೆ 14 ಕಿ.ಮೀ. ಕೊಡುತ್ತೆ. ಅಂದ್ರೆ ಕಿಲೋಮೀಟರಿಗೆ ₹2. 28 ಕಿ.ಮೀ. ಕೊಡೋ ಹೊಸ ಕಾರಿನವರು ಕೊಡೋದು ₹1. ಎಲೆಕ್ಟ್ರಿಕ್ ಗಾಡಿಯವರಿಗೆ ಈ ತೆರಿಗೆ ಸೊನ್ನೆ. ರಸ್ತೆ ಅದೇ, ದೂರ ಅದೇ! ಅಂದ್ರೆ ನಾವು ಈಗಲೂ ದೂರಕ್ಕೇ ತೆರಿಗೆ ಕೊಡ್ತಿದ್ದೀವಿ, ಅದೂ ಹಳೇ ಗಾಡಿಯ ಮನೆಯವರು ಜಾಸ್ತಿ.

ಈಗ ಎಲ್ಲರಿಗೂ ಕಿಲೋಮೀಟರಿಗೆ ₹1.50 ಅಂತ ಮಾಡಿದ್ರು ಅಂದ್ಕೊಳ್ಳಿ. ಡೀಸೆಲ್ ತೆರಿಗೆ ತೆಗೆದು ಹಾಕಿದ್ರೆ ಅಪ್ಪನಿಗೆ ದಿನಕ್ಕೆ ₹70, ತಿಂಗಳಿಗೆ ₹1,820 ಉಳಿಯುತ್ತೆ. ತೆಗೀದೆ ಮೇಲಿಂದ ಹಾಕಿದ್ರೆ ತಿಂಗಳಿಗೆ ₹5,460 ಹೆಚ್ಚಿಗೆ ಹೋಗುತ್ತೆ. ತಂಗಿಯ ಟ್ಯೂಷನ್ನು, ಅಜ್ಜಿಯ ಮಾತ್ರೆ ಎರಡೂ ಸೇರಿಸಿದ್ರೂ ಅಷ್ಟಾಗಲ್ಲ. ಬಾಡಿಗೆ ಏರಿಸೋಣ ಅಂದ್ರೆ ಮಂಡಿಯವರು ಬೇರೆ ಗಾಡಿ ಕರೀತಾರೆ. ಕಡಿಮೆ ಓಡಿಸೋಣ ಅಂದ್ರೆ ಕೆಂಗೇರಿ ಏನು ಹತ್ರ ಬರುತ್ತಾ?

ಇದೆಲ್ಲ ದೂರದ ಮಾತು ಅಂದ್ಕೋಬೇಡಿ. ಉಪಗ್ರಹದ ಮೂಲಕ ದೂರ ಅಳೆದು ಟೋಲ್ ತಗೊಳ್ಳೋ ಪ್ರಯೋಗಕ್ಕೆ ಆರಿಸಿದ್ದ ರಸ್ತೆಗಳಲ್ಲಿ ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿನೂ ಒಂದು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮನೂ ತಿದ್ದಿತು. ಆ ವ್ಯವಸ್ಥೆಯಲ್ಲಿ ನ್ಯಾಷನಲ್ ಪರ್ಮಿಟ್ ಇಲ್ಲದ ಗಾಡಿಗಳಿಗೆ ದಿನಕ್ಕೆ ಒಂದೊಂದು ದಿಕ್ಕಿಗೆ 20 ಕಿ.ಮೀ. ತನಕ ಟೋಲ್ ಇಲ್ಲ. ಪಕ್ಕದೂರಿಗೆ ಹೋಗಿ ಬರೋರಿಗೆ ಇದು ನಿಜಕ್ಕೂ ಒಳ್ಳೇದು. ಆದ್ರೆ 2025ರ ಆಗಸ್ಟ್‌ನಲ್ಲಿ ಬಂದ ₹3,000ದ ವಾರ್ಷಿಕ ಪಾಸ್ ನೋಡಿ. 200 ಟ್ರಿಪ್, ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಅಪ್ಪನ ಹಳದಿ ಬೋರ್ಡಿಗಿಲ್ಲ.

ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 18.4% ಆಯ್ತು, 2025ರ ಏಪ್ರಿಲ್‌ನಲ್ಲಿ 21.17%. ಅಪ್ಪ "ಜೊತೆಗೆ ಇದೂನಾ" ಅಂತ ಕೇಳಿದ್ದು ಸುಮ್ನೆ ಅಲ್ಲ.

ನ್ಯೂಜಿಲೆಂಡ್‌ನಲ್ಲಿ ಡೀಸೆಲ್ ಗಾಡಿಯವರು ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಶುಲ್ಕ ಕೊಡ್ತಾರೆ. ಅದಕ್ಕೇ ಅಲ್ಲಿ ಪೆಟ್ರೋಲ್ ಮೇಲಿರೋ ಥರದ ರಸ್ತೆ ತೆರಿಗೆ ಡೀಸೆಲ್ ಮೇಲಿಲ್ಲ. 2024ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರಿನವರೂ 1,000 ಕಿ.ಮೀ.ಗೆ 76 ಡಾಲರ್ ಕೊಡ್ಬೇಕು. ಅಂದ್ರೆ "ಬದಲಿಗೆ" ಅನ್ನೋದು ಆಗದ ಮಾತೇನಲ್ಲ.

ಡಿಬೇಟ್‌ನಲ್ಲಿ ನಾನು ಹೇಳಿದ್ದು ಪೂರ್ತಿ ತಪ್ಪು ಅಂತ ಈಗಲೂ ಅನ್ಸಲ್ಲ. ಆದ್ರೆ ಅರ್ಧ ಮಾತಾಡಿ ಕೂತೆ. ದೂರಕ್ಕೆ ತೆರಿಗೆ ನ್ಯಾಯನಾ ಅಂತ ಕೇಳೋ ಮುಂಚೆ, ಅದು ಹಳೇ ತೆರಿಗೆಯ ಬದಲಿಗಾ, ಜೊತೆಗಾ ಅಂತ ಕೇಳ್ಬೇಕಿತ್ತು. ಬಿಕಾಂ ಓದ್ತಿರೋ ನನಗೆ ಹೊಳೀಲಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿರೋ ಅಪ್ಪನಿಗೆ ಹೊಳೀತು.

ನಿಮ್ಮನೆ ಗಾಡಿ ತಿಂಗಳಿಗೆ ಎಷ್ಟು ಓಡುತ್ತೆ, ಮೈಲೇಜ್ ಎಷ್ಟು? ಮನೇಲಿ ಕೇಳಿ ಕೆಳಗೆ ಬರೀರಿ. ಮುಂದಿನ ಭಾಗದಲ್ಲಿ ಎಲ್ಲರ ಲೆಕ್ಕ ಒಟ್ಟಿಗೆ ಹಾಕೋಣ.