ಪೂರ್ವಪಕ್ಷ ಕೇಳುವ ವಿದ್ಯೆ

ವಿಶ್ವವಿದ್ಯಾಲಯವೆಂಬುದು ಭಿನ್ನಾಭಿಪ್ರಾಯವೇ ಇಲ್ಲದ ಶಾಂತಿಧಾಮವಾಗಿರಬೇಕೆಂದು ಯಾರೂ ಬಯಸಲಾರರು. ಅಲ್ಲಿ ವಾದವಿರಬೇಕು; ವಿವಾದವೂ ಇರಬೇಕು. ಆದರೆ ನಮ್ಮ ಹಳ್ಳಿಗಳಿಂದ ಬೆಂಗಳೂರಿಗೋ ಸೇಲಂಗೋ ಓದಲು ಹೋದ ಮಕ್ಕಳು ರಜೆಯಲ್ಲಿ ಬಂದು ಆಡುವ ಮಾತುಗಳನ್ನು ಕೇಳಿದರೆ, ವಾದ ಆರಂಭವಾಗುವ ಮುನ್ನವೇ ಅಲ್ಲಿ ಪಕ್ಷಗಳು ನಿರ್ಣಯವಾಗಿಬಿಡುತ್ತವೆಯೆಂದು ತೋರುತ್ತದೆ. ‘ನೀನು ಏನು ಹೇಳುತ್ತೀ?’ ಎಂಬುದಕ್ಕಿಂತ ‘ನೀನು ಯಾರ ಕಡೆ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಗಡಿನಾಡಿನ ಮಕ್ಕಳಿಗೆ ಇದು ಇನ್ನೂ ಕಠಿನವಾದ ಪ್ರಶ್ನೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಉಗ್ರರೂಪ ತಾಳಿದಾಗ ಬಸ್ಸುಗಳು ಗಡಿಯಲ್ಲಿಯೇ ನಿಂತವು. ಜನರು ಗಂಟುಮೂಟೆ ಹೊತ್ತು ಜೂಜುವಾಡಿಗೂ ಅತ್ತಿಬೆಲೆಗೂ ನಡುವೆ ಕಾಲ್ನಡಿಗೆಯಲ್ಲಿ ಸಾಗಿದರು. ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬನನ್ನು ಸಹಪಾಠಿಗಳು ‘ತಮಿಳುನಾಡಿನವನು’ ಎಂದು ದೂರವಿಟ್ಟರು. ಸೇಲಂನಲ್ಲಿದ್ದ ಅವನ ತಂಗಿಯನ್ನು ‘ಕನ್ನಡದವಳು’ ಎಂದರು. ಒಂದೇ ತಾಯಿಯ ಮಕ್ಕಳು ಎರಡು ಊರುಗಳಲ್ಲಿ ಎರಡು ಪಕ್ಷಕ್ಕೆ ಸೇರಿದವರಾದರು! ಆದರೆ ಮಂಡ್ಯದ ರೈತನ ಸಂಕಟವನ್ನು ಸೇಲಂನಲ್ಲಿಯೂ, ತಂಜಾವೂರಿನ ಕುರುವೈ ಬೆಳೆಗಾರನ ಸಂಕಟವನ್ನು ಬೆಂಗಳೂರಿನಲ್ಲಿಯೂ ವಿವರಿಸಬಲ್ಲವರು ಇಂಥ ಮಕ್ಕಳೇ ಅಲ್ಲವೆ?

ಅಭಿಪ್ರಾಯವೂ ಸ್ನೇಹವೂ ಬೇರೆಬೇರೆ ಎಂಬುದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು 1938ರಲ್ಲಿ ಮದರಾಸು ಪ್ರಾಂತದ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದರು. ಅದನ್ನು ವಿರೋಧಿಸಿ ಸೆರೆಮನೆ ಸೇರಿದವರು ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರರು. 1965ರ ಜನವರಿಯಲ್ಲಿ ವಿದ್ಯಾರ್ಥಿಗಳು ಹಿಂದಿಯ ವಿರುದ್ಧ ಬೀದಿಗಿಳಿದರು. ಚಿದಂಬರದಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು ಪೊಲೀಸರ ಗುಂಡಿಗೆ ಬಲಿಯಾದನು. ಆ ವೇಳೆಗೆ ರಾಜಾಜಿ ಹಿಂದಿ ಹೇರಿಕೆಯ ವಿರೋಧಿಯಾಗಿದ್ದರು; ಪೆರಿಯಾರರು ಆ ಚಳವಳಿಯನ್ನು ಟೀಕಿಸುತ್ತಿದ್ದರು. ಇಬ್ಬರ ಸ್ಥಾನಗಳೂ ಬದಲಾಗಿದ್ದವು. ಬದಲಾಗದೆ ಉಳಿದುದು ಅವರ ಗೆಳೆತನ. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ ವೃದ್ಧ ಪೆರಿಯಾರರು ಕಣ್ಣೀರಿಟ್ಟರು.

ಇದಕ್ಕೆ ವ್ಯತಿರಿಕ್ತವಾದುದು ಮರುವರ್ಷ ಕರ್ನಾಟಕದಲ್ಲಿ ನಡೆಯಿತು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಆ ಒಂದು ಪದ ಕಾಲೇಜುಗಳಿಗೆ ಕಿಚ್ಚಿಟ್ಟಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಸಚಿವರು ಪದವಿ ತೊರೆಯಬೇಕಾಯಿತು. ನಮ್ಮ ಬಾಳು ಈ ಸಾಹಿತ್ಯದಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಆ ಮಾತಿನೊಳಗೆ ಅಡಗಿತ್ತು. ಕಲ್ಲು ಎತ್ತಿಕೊಂಡವರಿಗೆ ಅದು ಕೇಳಿಸಲಿಲ್ಲ. ಆದರೂ ಪ್ರಶ್ನೆ ಸಾಯಲಿಲ್ಲ. ದಲಿತ ಸಂಘರ್ಷ ಸಮಿತಿಯಾಗಿ, 1979ರಲ್ಲಿ ಬಂಡಾಯ ಸಾಹಿತ್ಯವಾಗಿ ಅದು ಬೆಳೆದು, ಯಾವ ಸಾಹಿತ್ಯದ ಮಾನ ಕಾಯಲು ಕಲ್ಲು ತೂರಲಾಯಿತೋ ಆ ಸಾಹಿತ್ಯವನ್ನೇ ಶ್ರೀಮಂತಗೊಳಿಸಿತು.

ನಮ್ಮ ಪ್ರಾಚೀನ ಶಾಸ್ತ್ರಕಾರರಲ್ಲಿ ಒಂದು ಉತ್ತಮ ಪದ್ಧತಿಯಿತ್ತು. ಸಿದ್ಧಾಂತವನ್ನು ಮಂಡಿಸುವ ಮುನ್ನ ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನಿರೂಪಿಸಬೇಕು. ನಮ್ಮ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನಾನು ಇದನ್ನೇ ರೂಢಿಸಿದ್ದೇನೆ. ಪರವಾಗಿ ಮಾತನಾಡಿದವನು ಮರುವಾರ ವಿರೋಧವಾಗಿ ಮಾತನಾಡಬೇಕು. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಎದುರಾಳಿ ಒಪ್ಪುವವರೆಗೆ ಉತ್ತರ ಕೊಡುವಂತಿಲ್ಲ. ಮಕ್ಕಳು ಆರಂಭದಲ್ಲಿ ಗೊಣಗುತ್ತಾರೆ. ಅನಂತರ ಅವರ ದನಿ ತಾನಾಗಿಯೇ ತಗ್ಗುತ್ತದೆ.

ಇದರಿಂದ ಅನ್ಯಾಯವನ್ನು ಸಹಿಸಬೇಕೆಂದು ಅರ್ಥವಲ್ಲ. ಸಹಪಾಠಿಯನ್ನು ಹೊಡೆಯುವವನ ಕೈಯನ್ನು ಮೊದಲು ತಡೆಯಬೇಕು, ಚರ್ಚೆ ಆಮೇಲೆ. ಆದರೆ ಕೈ ಎತ್ತದೆ ಮಾತನಾಡುವವನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆಯೂ ವಿದ್ಯೆಯೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ನೆರೆಮನೆಯವರೊಡನೆ ತೆಲುಗು ಆಡಿ ಬೆಳೆದ ನಮ್ಮ ಮಕ್ಕಳಿಗೆ ಆ ವಿದ್ಯೆಯ ಮೊದಲ ಪಾಠ ಆಗಲೇ ಆಗಿದೆ. ಕಾಲೇಜಿಗೆ ಕಳುಹಿಸುವ ತಂದೆತಾಯಿಗಳು ಅದನ್ನು ಅವರಿಗೆ ನೆನಪಿಸಿದರೆ ಸಾಕು.